ಬೇಸ್‌ಬಾಲ್ ಡ್ರಾಫ್ಟ್ ಊಹಿಸೋ ಮಾಡೆಲ್: ಆರು ತಿಂಗಳ ಡೈರಿ, ತಪ್ಪುಗಳ ಸಮೇತ

ಕೆಲಸ ಮುಗಿದಿದೆ ಅಂತ ಹೇಳಲಾರೆ. ಆದರೆ 2025ರ ಡ್ರಾಫ್ಟ್ (ಅಮೆರಿಕದ ಬೇಸ್‌ಬಾಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಮುಗಿಯಿತು, ಯಾರು ಆಯ್ಕೆಯಾಗ್ತಾರೆ ಅಂತ ಊಹಿಸಿದ ನನ್ನ ಪಟ್ಟಿ ಎಷ್ಟು ಸರಿ ಎಷ್ಟು ತಪ್ಪು ಅನ್ನೋದೂ ಗೊತ್ತಾಯಿತು. ಮರೆಯೋ ಮೊದಲು ಬರೆದಿಡುತ್ತಿದ್ದೇನೆ.

ನಾನಿರುವುದು ನಾರ್ತ್ ಕೆರೊಲಿನಾದ ಕೇರಿಯಲ್ಲಿ. ಹೌದು, ಊರಿನ ಹೆಸರೇ ಕೇರಿ. ಅಮ್ಮ ಇವತ್ತಿಗೂ ಫೋನಲ್ಲಿ "ಯಾವ ಕೇರಿನೋ" ಅಂತ ನಗುತ್ತಾಳೆ. ಅಮೆರಿಕದ ರಾಷ್ಟ್ರೀಯ ಬೇಸ್‌ಬಾಲ್ ತರಬೇತಿ ಮೈದಾನ ಇರುವುದು ಇಲ್ಲೇ. 2021ರಲ್ಲಿ ಮೇಜರ್ ಲೀಗ್‌ನವರು ಮೊದಲ ಡ್ರಾಫ್ಟ್ ಕಂಬೈನ್ (ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಪರೀಕ್ಷಿಸುವ ಶಿಬಿರ) ಮಾಡಿದ್ದೂ ಇಲ್ಲೇ. ಮಗ ಆಡಲು ಶುರು ಮಾಡಿದ, ಅವನನ್ನು ಬಿಟ್ಟು ಬರಲು ಹೋದ ನಾನು ಅಲ್ಲೇ ಕೂತುಬಿಟ್ಟೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಇದು ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. 30 ತಂಡಗಳು ಸರದಿ ಪ್ರಕಾರ ಒಬ್ಬೊಬ್ಬ ಹುಡುಗನ ಹೆಸರು ಹೇಳುತ್ತವೆ, ಹೇಳಿದ ಮೇಲೆ ಅವನ ಜೊತೆ ಮಾತಾಡುವ ಹಕ್ಕು ಆ ತಂಡಕ್ಕೆ ಮಾತ್ರ. ಈಗ 20 ಸುತ್ತು ನಡೆಯುತ್ತದೆ. 2024ರಲ್ಲಿ ಒಟ್ಟು 615 ಹುಡುಗರು ಆಯ್ಕೆಯಾದರು. ಆ 600 ಚಿಲ್ಲರೆ ಹೆಸರನ್ನು ಮೊದಲೇ ಊಹಿಸಬೇಕು, ಮೊದಲ 30 ಆದರೂ ಕ್ರಮವಾಗಿ ಬರಬೇಕು. ನಾನು ಹಾಕಿಕೊಂಡ ಗುರಿ ಇಷ್ಟೇ.

ಸಾಮಾನು: ಐದು ವರ್ಷದ ಹಳೇ ಲ್ಯಾಪ್‌ಟಾಪ್, ಕೋಡ್ ಬರೆಯಲು ಪೈಥಾನ್, ಅದರ ಜೊತೆಗೆ ಬರುವ ಪಾಂಡಾಸ್, ಸೈಕಿಟ್-ಲರ್ನ್ ಅನ್ನೋ ಲೈಬ್ರರಿಗಳು, ಮತ್ತು ನನ್ನ ಎಲ್ಲಾ ಕಷ್ಟಗಳಿಗೆ ಮೂಲವಾದ ಎಕ್ಸೆಲ್.

1. ಜನವರಿ 11: ಡೇಟಾ ಕೂಡಿಹಾಕಿದ್ದು

2016ರಿಂದ 2024ರವರೆಗಿನ ಡ್ರಾಫ್ಟ್ ಪಟ್ಟಿ ಇಳಿಸಿಕೊಂಡೆ. ಇದು ಸುಲಭ, ಒಂದು ಸಂಜೆಯ ಕೆಲಸ. 2020 ತೆಗೆದುಹಾಕಿದೆ. ಆ ವರ್ಷ ಕೋವಿಡ್‌ನಿಂದ ಮಾರ್ಚ್‌ನಲ್ಲೇ ಕಾಲೇಜ್ ಸೀಸನ್ ನಿಂತಿತ್ತು, ಡ್ರಾಫ್ಟ್ ಐದೇ ಸುತ್ತು, 160 ಹೆಸರು. ಅದನ್ನು ಸೇರಿಸಿದರೆ ಲಾಭಕ್ಕಿಂತ ಗೊಂದಲವೇ ಜಾಸ್ತಿ.

ಕಾಲೇಜ್ ಅಂಕಿಅಂಶ ಕೂಡಿಹಾಕಲು ಎರಡೂವರೆ ವಾರ ಹಿಡಿಯಿತು. ಕಾಲೇಜ್ ಆಟದ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲೇ ಹತ್ತಿರ ಹತ್ತಿರ 300 ಕಾಲೇಜುಗಳಿವೆ. ಇಳಿಸಿಕೊಂಡ ಮೇಲೆ ಎರಡೂ ಪಟ್ಟಿಯ ಹೆಸರು ಹೊಂದಿಸಬೇಕಲ್ಲ, ತಲೆನೋವು ಅಲ್ಲಿಂದ. ಒಂದು ಕಡೆ ಮೈಕ್, ಇನ್ನೊಂದು ಕಡೆ ಮೈಕೆಲ್. ಒಂದು ಕಡೆ ಹೆಸರಿನ ಕೊನೆಗೆ ಜೂನಿಯರ್ ಇದೆ, ಇನ್ನೊಂದು ಕಡೆ ಇಲ್ಲ. ಒಂದೇ ಹೆಸರಿನ ಇಬ್ಬರು ಬೇರೆ, ಒಬ್ಬ ಪಿಚರ್ (ಚೆಂಡು ಎಸೆಯುವವನು), ಒಬ್ಬ ಕ್ಯಾಚರ್ (ಬ್ಯಾಟ್ ಬೀಸುವವನ ಹಿಂದೆ ಕೂತು ಹಿಡಿಯುವವನು).

ಕಾಲೇಜ್ ಬದಲಿಸಿದವರದ್ದು ಇನ್ನೂ ದೊಡ್ಡ ರಗಳೆ. 2023ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎಲ್ಲರಿಗಿಂತ ಮೊದಲು ತಗೊಂಡ ಪಾಲ್ ಸ್ಕೀನ್ಸ್ ನನ್ನ ಟೇಬಲ್‌ನಲ್ಲಿ ಇಬ್ಬರಾಗಿದ್ದ! ಎರಡು ವರ್ಷ ಏರ್ ಫೋರ್ಸ್ ಅಕಾಡೆಮಿಯಲ್ಲಿದ್ದು ಆಮೇಲೆ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಹೋದವನು ಅವನು. ಏರ್ ಫೋರ್ಸ್ ಸ್ಕೀನ್ಸ್‌ನ ಯಾರೂ ತಗೊಂಡಿಲ್ಲ ಅಂತ ಟೇಬಲ್ ಹೇಳುತ್ತಿತ್ತು. ನಮ್ಮದೇ ರಾಜ್ಯದ ವೇಕ್ ಫಾರೆಸ್ಟ್ ಕಾಲೇಜಿನಿಂದ 2024ರಲ್ಲಿ ಮೊದಲ ಹತ್ತರೊಳಗೆ ಮೂವರು ಹೋದರು: ಚೇಸ್ ಬರ್ನ್ಸ್ 2, ನಿಕ್ ಕರ್ಟ್ಜ್ 4, ಸೀವರ್ ಕಿಂಗ್ 10. ಬರ್ನ್ಸ್ ಅದಕ್ಕೂ ಮೊದಲು ಟೆನೆಸ್ಸಿಯಲ್ಲಿದ್ದ, ಕಿಂಗ್ ಡಿವಿಷನ್ 2ರ ವಿಂಗೇಟ್‌ನಲ್ಲಿದ್ದ. ವಿಂಗೇಟ್ ನನ್ನ ಫೈಲಲ್ಲೇ ಇರಲಿಲ್ಲ.

ಕೊನೆಗೆ ಬರೀ ಹೆಸರು ನೋಡೋದು ಬಿಟ್ಟು, ಹೆಸರು + ಎಸೆಯುವ ಕೈ + ಹೈಸ್ಕೂಲ್ ಇರುವ ಊರು ಸೇರಿಸಿ ಒಂದು ಗುರುತು ಮಾಡಿದೆ. ಮುಕ್ಕಾಲು ಪಾಲು ಹೊಂದಿಕೊಂಡಿತು. ಉಳಿದದ್ದನ್ನು ಕೈಯಲ್ಲೇ ಮಾಡಿದೆ, ರಾತ್ರಿ ಅರ್ಧ ಗಂಟೆಯಂತೆ ಹನ್ನೆರಡು ದಿನ.

2. ಫೆಬ್ರವರಿ 8: ಮೊದಲ ಮಾಡೆಲ್, ಮೊದಲ ಮುಖಭಂಗ

ಸುಮ್ನೆ ಒಂದು ಲಾಜಿಸ್ಟಿಕ್ ರಿಗ್ರೆಷನ್ (ಹೌದು-ಇಲ್ಲ ಊಹಿಸುವ ಸರಳ ಲೆಕ್ಕ) ಓಡಿಸಿದೆ. ನೂರಕ್ಕೆ 96 ಸರಿ! ಊರಿನ ಗೆಳೆಯನಿಗೆ ಸ್ಕ್ರೀನ್‌ಶಾಟ್ ಕಳಿಸಿ ಜಂಬ ಕೊಚ್ಚಿಕೊಂಡೂ ಆಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗ ಒಂದು ನಿಮಿಷದಲ್ಲಿ ಹಿಡಿದ. "ಅಪ್ಪಾ, ಇದು ಯಾರೂ ಸೆಲೆಕ್ಟ್ ಆಗಲ್ಲ ಅಂತಾನೇ ಹೇಳ್ತಿದೆ."

ಸರಿ ಅಲ್ವಾ? ಸಾವಿರಾರು ಹುಡುಗರಲ್ಲಿ ಕೆಲವೇ ಕೆಲವರು ಆಯ್ಕೆಯಾಗುತ್ತಾರೆ. ಎಲ್ಲರಿಗೂ "ಇಲ್ಲ" ಅಂದರೂ 96 ಬರುತ್ತದೆ. ಅವತ್ತಿಂದ ಆ ಲೆಕ್ಕ ನೋಡುವುದು ಬಿಟ್ಟೆ. ಅದರ ಬದಲು, ನಾನು ಮೇಲಿಟ್ಟ 300 ಹೆಸರಿನಲ್ಲಿ ಎಷ್ಟು ಜನ ನಿಜವಾಗಿ ಹೋದರು ಅಂತ ಎಣಿಸಲು ಶುರು ಮಾಡಿದೆ.

ಇನ್ನೊಂದು ತಪ್ಪು: ಆಯ್ಕೆಗೆ ಅರ್ಹತೆಯೇ ಇಲ್ಲದವರನ್ನೂ ಸೇರಿಸಿದ್ದೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದವನು ಮೂರನೇ ವರ್ಷ ಮುಗಿಸಬೇಕು, ಇಲ್ಲವೇ 21 ತುಂಬಬೇಕು. ಹೈಸ್ಕೂಲ್ ಮುಗಿಸಿ ಇನ್ನೂ ಕಾಲೇಜಿಗೆ ಕಾಲಿಡದವನನ್ನು ತಗೋಬಹುದು. ಎರಡು ವರ್ಷದ ಜೂನಿಯರ್ ಕಾಲೇಜ್ ಹುಡುಗರನ್ನು ಯಾವಾಗ ಬೇಕಾದರೂ ತಗೋಬಹುದು. ಅರ್ಹತೆ ಇಲ್ಲದವರನ್ನು ಅಳಿಸಿದ ಮೇಲೆ ಟೇಬಲ್ ಅರ್ಧಕ್ಕಿಂತ ಕಡಿಮೆಯಾಯಿತು.

3. ಮಾರ್ಚ್ 1: 45,810 ಇಂಚು ಎತ್ತರದ ಪಿಚರ್

ಇದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಅಮೆರಿಕದಲ್ಲಿ ಆರಡಿ ಎರಡಿಂಚನ್ನು 6-2 ಅಂತ ಬರೆಯುತ್ತಾರೆ. 2022ರ ಫೈಲನ್ನು ಒಂದೇ ಒಂದು ಸಲ ಎಕ್ಸೆಲ್‌ನಲ್ಲಿ ತೆರೆದು, ನೋಡಿ, ಸೇವ್ ಮಾಡಿದ್ದೆ. ಎಕ್ಸೆಲ್ ಅದನ್ನು ಜೂನ್ 2 ಅಂದುಕೊಂಡಿತು. 5-11 ಇದ್ದವನು ಮೇ 11 ಆದ. ಪೈಥಾನ್‌ಗೆ ಬರುವಾಗ ಆ ದಿನಾಂಕಗಳು 45,810, 45,788 ಅಂತ ಅಂಕಿಗಳಾಗಿದ್ದವು.

ಮಜಾ ಏನಂದರೆ, ಈ ತಪ್ಪಿನಲ್ಲೂ ಕ್ರಮ ಬಹುತೇಕ ಕೆಟ್ಟಿರಲಿಲ್ಲ. ಮೇ ಆದ ಮೇಲೆ ಜೂನ್, ಐದಡಿ ಆದ ಮೇಲೆ ಆರಡಿ. 2022 ಒಂದನ್ನೇ ನೋಡಿದರೆ ಎತ್ತರದವನು ಹೆಚ್ಚಾಗಿ ಎತ್ತರದವನಾಗೇ ಕಾಣುತ್ತಿದ್ದ. ಬೇರೆ ವರ್ಷದ ಫೈಲುಗಳಲ್ಲಿ ಮಾತ್ರ 74, 71 ಅಂತ ಇಂಚಿನಲ್ಲಿತ್ತು. ಹಾಗಾಗಿ 2022ರವರೆಲ್ಲ ಆಕಾಶಕ್ಕೆ ಏಣಿ ಹಾಕಿದ ಹಾಗೆ ನಿಂತಿದ್ದರು. ಮಾಡೆಲ್ ಆ ವರ್ಷ ಮಾತ್ರ ಯಾಕೆ ಹುಚ್ಚುಹುಚ್ಚಾಗಿ ಆಡುತ್ತದೆ ಅಂತ ಮೂರು ವಾರ ತಲೆ ಕೆಡಿಸಿಕೊಂಡಿದ್ದೆ. ಸುಮ್ಮನೆ ಸರಾಸರಿ ಎತ್ತರ ಪ್ರಿಂಟ್ ಮಾಡಿದಾಗ ಗೊತ್ತಾಯಿತು. ಮೊದಲ ದಿನವೇ ಮಾಡಬೇಕಿದ್ದ ಕೆಲಸ.

ಅದೇ ವಾರ ಇನ್ನೊಂದು ಸಣ್ಣ ರಿಪೇರಿ. ನ್ಯೂ ಮೆಕ್ಸಿಕೊ, ಏರ್ ಫೋರ್ಸ್‌ನಂಥ ಎತ್ತರದ ಜಾಗದಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಅಲ್ಲಿನ ಹೋಮ್ ರನ್‌ಗಳನ್ನು (ನಮ್ಮ ಸಿಕ್ಸರ್ ಥರದ ಹೊಡೆತ) ಹಾಗೇ ನಂಬಬಾರದು. ಪ್ರತಿ ಕಾಲೇಜಿನ ಮೈದಾನಕ್ಕೂ, ಅದು ಆಡುವ ಕಾನ್ಫರೆನ್ಸ್‌ಗೂ (ಕಾಲೇಜುಗಳ ಗುಂಪು) ಒಂದೊಂದು ತಿದ್ದುಪಡಿ ಹಾಕಿದೆ. ಕಾಲೇಜ್ ಹುಡುಗರು ಆಡುವ ಕೇಪ್ ಕಾಡ್ ಬೇಸಿಗೆ ಲೀಗ್‌ನ ಅಂಕಿ ಸಿಕ್ಕವರಿಗೆ ಅದನ್ನೂ ಸೇರಿಸಿದೆ, ಯಾಕಂದರೆ ಅಲ್ಲಿ ಮರದ ಬ್ಯಾಟ್, ಕಾಲೇಜಿನ ಲೋಹದ ಬ್ಯಾಟ್ ಅಲ್ಲ.

4. ಮಾರ್ಚ್ 29: ತುಂಬಾ ಚೆನ್ನಾಗಿ ಬಂದರೆ ಅನುಮಾನ ಪಡಿ

ಮರಗಳ ಮಾಡೆಲ್‌ಗೆ (ಹೌದು-ಇಲ್ಲ ಪ್ರಶ್ನೆಗಳು ಮರದಂತೆ ಕವಲೊಡೆದು ಊಹೆಗೆ ತಲುಪುವ ಲೆಕ್ಕ) ಬದಲಿಸಿದೆ. 2023ನ್ನು ಬಚ್ಚಿಟ್ಟು, ಉಳಿದ ವರ್ಷಗಳಲ್ಲಿ ಕಲಿಸಿ, ಆಮೇಲೆ 2023ನ್ನು ಕೇಳಿದೆ. ಮೇಲಿನ 300ರಲ್ಲಿ 291 ಸರಿ. ಹೆಂಡತಿಗೆ ಹೇಳಿದೆ. "ಹಾಗಾದ್ರೆ ಆ ತಂಡದವರು ನಿಮ್ಮನ್ನೇ ಕೆಲಸಕ್ಕೆ ಇಟ್ಕೋಬಹುದಲ್ಲ" ಅಂದಳು. ಆ ಮಾತಿನ ಧಾಟಿಯಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿತು.

ಯಾವ ಕಾಲಂ ಜಾಸ್ತಿ ಕೆಲಸ ಮಾಡುತ್ತಿದೆ ಅಂತ ನೋಡಿದೆ. ಹೋಮ್ ರನ್ ಅಲ್ಲ, ಸ್ಟ್ರೈಕ್‌ಔಟ್ ಅಲ್ಲ. ಹುಟ್ಟಿದ ತಾರೀಕು! ವಯಸ್ಸು ಮುಖ್ಯ ನಿಜ, ಆದರೆ ಇಷ್ಟೊಂದಾ? ಫೈಲ್ ತೆರೆದು ನೋಡಿದರೆ, ಆಯ್ಕೆಯಾದವರಿಗೆಲ್ಲ ತಾರೀಕು ಇದೆ, ಆಗದವರಲ್ಲಿ ಹೆಚ್ಚಿನವರಿಗೆ ಆ ಜಾಗ ಖಾಲಿ. ವೃತ್ತಿಪರ ಆಟಗಾರನಾದ ಮೇಲೆ ಅವನ ವಿವರ ಪೂರ್ತಿ ತುಂಬುತ್ತಾರೆ, ಆಗದವನದ್ದನ್ನು ಯಾರು ತುಂಬುತ್ತಾರೆ? ಹೀಗಾಗಿ ಮಾಡೆಲ್ ಕಲಿತದ್ದು ಇಷ್ಟು: ತಾರೀಕು ಇದ್ದರೆ ಆಯ್ಕೆ, ಇಲ್ಲದಿದ್ದರೆ ಇಲ್ಲ. ಉತ್ತರ ಪತ್ರಿಕೆ ನೋಡಿ ಪರೀಕ್ಷೆ ಬರೆದ ಹಾಗೆ.

ಸಿಟ್ಟಿನಲ್ಲಿ ಆ ಕಾಲಂ ಪೂರ್ತಿ ಕಿತ್ತು ಬಿಸಾಕಿದೆ. 291 ಇದ್ದದ್ದು 204ಕ್ಕೆ ಇಳಿಯಿತು. ನಿಜವಾದ ಲೆಕ್ಕ ಇದೇ ಅಂತ ಸಮಾಧಾನ ಮಾಡಿಕೊಂಡೆ. ಕಾಲಂ ಕಿತ್ತದ್ದು ಅರ್ಧ ಸರಿ, ಅರ್ಧ ತಪ್ಪು. ಅದು ಗೊತ್ತಾಗಿದ್ದು ಜುಲೈನಲ್ಲಿ.

ಪರೀಕ್ಷೆಗೆ 2022ನ್ನು ಕೇಳಿದಾಗ ಕುಮಾರ್ ರಾಕರ್ ಕಾಣಿಸಲೇ ಇಲ್ಲ. ತಾಯಿ ಭಾರತೀಯ ಮೂಲದವರು ಅಂತ ನಮ್ಮವರೆಲ್ಲ ಇವನನ್ನು ಸ್ವಲ್ಪ ಜಾಸ್ತಿಯೇ ಗಮನಿಸುತ್ತಾರೆ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಹೆಸರು ಹೇಳಿ, ವೈದ್ಯಕೀಯ ವರದಿ ನೋಡಿ ಕೈಬಿಟ್ಟಿತು. ಮುಂದಿನ ವರ್ಷ ಅವನು ಕಾಲೇಜಿನಲ್ಲಿ ಇರಲೇ ಇಲ್ಲ. ಫ್ರಾಂಟಿಯರ್ ಲೀಗ್ ಅನ್ನೋ ಸ್ವತಂತ್ರ ಲೀಗ್‌ನಲ್ಲಿ ಸ್ವಲ್ಪ ಆಡಿ, ಟೆಕ್ಸಸ್ ರೇಂಜರ್ಸ್‌ಗೆ 3ನೆಯವನಾಗಿ ಹೋದ. ಕಾಲೇಜ್ ಟೇಬಲ್‌ನಲ್ಲಿ ಇಲ್ಲದವನನ್ನು ಕಾಲೇಜ್ ಮಾಡೆಲ್ ಹೇಗೆ ಹಿಡಿಯುತ್ತದೆ. ಇಂಥವರಿಗೆ ಕೈಯಲ್ಲಿ ಬರೆದ ಒಂದು ಚಿಕ್ಕ ಪಟ್ಟಿ ಮಾಡಿದೆ. ಬೇರೆ ದಾರಿ ಹೊಳೆಯಲಿಲ್ಲ.

5. ಏಪ್ರಿಲ್ 18: "ಅವನ ನಂಬರ್ ಎಷ್ಟು?"

ಹೈಸ್ಕೂಲ್ ಹುಡುಗರ ಅಂಕಿ ನಂಬುವ ಹಾಗಿಲ್ಲ. ಎದುರಾಳಿ ಪಿಚರ್ ಒಂದು ದಿನ 92 ಮೈಲಿ ವೇಗದವನು, ಮರುದಿನ 74ರವನು. ನಾನೇ ಅಳೆಯುತ್ತೇನೆ ಅಂತ ಸೆಕೆಂಡ್ ಹ್ಯಾಂಡ್ ಪಾಕೆಟ್ ರಾಡಾರ್ ಒಂದನ್ನು 170 ಡಾಲರ್‌ಗೆ ತಗೊಂಡು, ಮನೆಯಿಂದ ಅರ್ಧ ಗಂಟೆ ದೂರದ ಹೈಸ್ಕೂಲ್ ಪಂದ್ಯಕ್ಕೆ ಹೋದೆ. ಮೂರನೇ ಬೇಸ್ ಕಡೆ ಬಿಸಿಲು ಬೀಳದ ಜಾಗ ನೋಡಿ ಕೂತೆ. ಪಿಚರ್ ಎಸೆದದ್ದೆಲ್ಲ 83, 84. ಇವನಿಗಾಗಿ ಏಳೆಂಟು ಜನ ಸ್ಕೌಟ್‌ಗಳು (ತಂಡಗಳಿಗಾಗಿ ಹುಡುಗರನ್ನು ಹುಡುಕುವವರು) ಬಂದಿದ್ದಾರಾ ಅಂತ ಆಶ್ಚರ್ಯವಾಯಿತು. ಅವರೆಲ್ಲ ಬ್ಯಾಟ್ ಬೀಸುವ ಜಾಗವಾದ ಹೋಮ್ ಪ್ಲೇಟ್ ಹಿಂದೆ ಬಲೆಗೆ ಅಂಟಿಕೊಂಡು ಬಿಸಿಲಲ್ಲೇ ಕೂತಿದ್ದರು. ಮೂರನೇ ಇನಿಂಗ್ಸ್‌ಗೆ ನಾನೂ ಅಲ್ಲಿಗೆ ಹೋದೆ. ಅದೇ ಹುಡುಗ, ಅದೇ ರಾಡಾರ್, ಈಗ 91. ಪಕ್ಕದಿಂದ ಓರೆಯಾಗಿ ಹಿಡಿದರೆ ಕಡಿಮೆ ತೋರಿಸುತ್ತದೆ. ಮೊದಲೆರಡು ಇನಿಂಗ್ಸ್‌ನ ಅಳತೆಯೆಲ್ಲ ದಂಡ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಸ್ಕೌಟ್ ಒಬ್ಬರು ನನ್ನ ಪುಸ್ತಕದ ಕಡೆ ನೋಡಿದರು. ಹುಲ್ಲಿನ ಟೋಪಿ, ತೊಡೆ ಮೇಲೆ ಸ್ಟಾಪ್‌ವಾಚ್, ಕಾಲ ಬಳಿ ಸೂರ್ಯಕಾಂತಿ ಬೀಜದ ಸಿಪ್ಪೆಯ ರಾಶಿ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ) ಹುಡುಗ ಬ್ಯಾಟ್ ಹಿಡಿದು ಬಂದಾಗ ನಾನೇ ಮಾತು ತೆಗೆದೆ, ಇವನು ಹೋಗ್ತಾನೆ ಅಲ್ವಾ ಸಾರ್ ಅಂತ. ಅವರು ತಿರುಗಿ "ಅವನ ನಂಬರ್ ಎಷ್ಟು?" ಅಂದರು.

"22" ಅಂದೆ. ಅಂಗಿ ಮೇಲಿತ್ತು.

ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಪಾಪ ಅನ್ನಿಸಿರಬೇಕು, ವಿವರಿಸಿದರು. ನಂಬರ್ ಅಂದರೆ ಎಷ್ಟು ದುಡ್ಡು ಕೊಟ್ಟರೆ ಹುಡುಗ ಕಾಲೇಜ್ ಬಿಟ್ಟು ಸಹಿ ಹಾಕುತ್ತಾನೆ ಅನ್ನೋದು. ಅದನ್ನು ತಿಳಿದುಕೊಳ್ಳೋದಕ್ಕೇ ಅವರು ಮನೆಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಮಾತಾಡುತ್ತಾರಂತೆ. ಆಟ ನೋಡೋದು ಎರಡು ದಿನದ ಕೆಲಸ, ನಂಬರ್ ತಿಳಿಯೋದು ಎರಡು ತಿಂಗಳ ಕೆಲಸ ಅಂದರು.

ಕಾರಲ್ಲಿ ಬರುವಾಗ ರೇಡಿಯೋ ಹಾಕಲಿಲ್ಲ. ಮೂರು ತಿಂಗಳು ನಾನು ಯಾರು ಚೆನ್ನಾಗಿ ಆಡುತ್ತಾರೆ ಅಂತ ಊಹಿಸುತ್ತಿದ್ದೆ. ತಂಡಗಳು ಕೇಳುತ್ತಿರುವ ಪ್ರಶ್ನೆ ಬೇರೆಯೇ ಇತ್ತು.

6. ಮೇ: ದುಡ್ಡಿನ ಲೆಕ್ಕ ಸೇರಿಸಿದ್ದು

ಮೊದಲ ಹತ್ತು ಸುತ್ತಿನ ಪ್ರತಿ ಜಾಗಕ್ಕೂ ಲೀಗ್ ಒಂದು ಬೆಲೆ ಇಟ್ಟಿರುತ್ತದೆ. ಅದಕ್ಕೆ ಸ್ಲಾಟ್ ಅನ್ನುತ್ತಾರೆ. ಒಂದು ತಂಡದ ಸ್ಲಾಟ್‌ಗಳನ್ನೆಲ್ಲ ಕೂಡಿದರೆ ಅದರ ಒಟ್ಟು ಥೈಲಿ. ಥೈಲಿ ಮೀರಿದರೆ ಮೀರಿದ ಮೊತ್ತಕ್ಕೆ ನೂರಕ್ಕೆ 75 ತೆರಿಗೆ. ನೂರಕ್ಕೆ 5ಕ್ಕಿಂತ ಜಾಸ್ತಿ ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಹೋಗುತ್ತದೆ. ಆ ಗೆರೆಯನ್ನು ಇವತ್ತಿನವರೆಗೆ ಯಾರೂ ದಾಟಿಲ್ಲ. 11ರಿಂದ 20ನೇ ಸುತ್ತಿನಲ್ಲಿ ಒಂದೂವರೆ ಲಕ್ಷ ಡಾಲರ್‌ವರೆಗೆ ಕೊಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಥೈಲಿಯೊಳಗೆ ಹೇಗೆ ಬೇಕಾದರೂ ಹಂಚಬಹುದು. 2021ರಲ್ಲಿ ಪೈರೇಟ್ಸ್ ಮೊದಲ ಆಯ್ಕೆಯಾಗಿ ಕ್ಯಾಚರ್ ಹೆನ್ರಿ ಡೇವಿಸ್‌ನ ತಗೊಂಡಿತು. ಆ ಜಾಗದ ಸ್ಲಾಟ್ 84,15,300 ಡಾಲರ್. ಡೇವಿಸ್ ಸಹಿ ಹಾಕಿದ್ದು 65 ಲಕ್ಷಕ್ಕೆ. ಉಳಿಸಿದ ದುಡ್ಡು ಕೆಳಗಿನ ಸುತ್ತುಗಳಿಗೆ ಹೋಯಿತು. 72ನೆಯವನಾಗಿ ಬಂದ ಬಬ್ಬಾ ಚಾಂಡ್ಲರ್‌ಗೆ 30 ಲಕ್ಷ ಕೊಟ್ಟರು. ಅವನು ಕ್ಲೆಮ್ಸನ್ ಕಾಲೇಜಿಗೆ ಅಮೆರಿಕನ್ ಫುಟ್‌ಬಾಲ್ ಆಡಲೂ ಹೋಗುವವನಿದ್ದ, ಅಷ್ಟು ಕೊಡದಿದ್ದರೆ ಬರುತ್ತಿರಲಿಲ್ಲ. ನನ್ನ ಮಾಡೆಲ್ ಚಾಂಡ್ಲರ್‌ನ ಮೊದಲ 30ರಲ್ಲಿಟ್ಟು ತಪ್ಪು ಅಂತ ಬೈಸಿಕೊಂಡಿತ್ತು. ಪ್ರತಿಭೆ ಲೆಕ್ಕದಲ್ಲಿ ತಪ್ಪಿರಲಿಲ್ಲ, ಜಾಗದ ಲೆಕ್ಕದಲ್ಲಿ ತಪ್ಪಿತ್ತು.

ಹೊಸದಾಗಿ ಮಾಡಿದ್ದು ಇಷ್ಟು. ಪ್ರತಿ ಹುಡುಗನಿಗೆ ಒಂದು ಅಂದಾಜು ನಂಬರ್. ಹೈಸ್ಕೂಲ್ ಹುಡುಗನಾದರೆ, ಸೇರಲಿರುವ ಕಾಲೇಜ್ ದೊಡ್ಡದಾದರೆ, ಎರಡನೇ ಆಟವೂ ಇದ್ದರೆ ಜಾಸ್ತಿ. ನಾಲ್ಕನೇ ವರ್ಷದ ಕಾಲೇಜ್ ಹುಡುಗನಾದರೆ ಕಡಿಮೆ, ಅವನಿಗೆ ವಾಪಸ್ ಹೋಗಲು ಜಾಗ ಇಲ್ಲ. ಆಮೇಲೆ 30 ತಂಡಗಳನ್ನು ಅವುಗಳ ಥೈಲಿ ಸಮೇತ ಕೂರಿಸಿ, ಡ್ರಾಫ್ಟನ್ನು ಕಂಪ್ಯೂಟರ್‌ನಲ್ಲೇ 2,000 ಸಲ ಆಡಿಸಿದೆ. ಮೊದಲ ಸಲ ಓಡಲು 11 ಗಂಟೆ ಹಿಡಿಯಿತು, ಫ್ಯಾನ್ ಸದ್ದಿಗೆ ಲ್ಯಾಪ್‌ಟಾಪನ್ನು ಗ್ಯಾರೇಜಿಗೆ ಸಾಗಿಸಬೇಕಾಯಿತು. ಲೂಪ್ ಒಳಗೆ ಪ್ರತಿ ಸಲ ಫೈಲ್ ಓದುತ್ತಿದ್ದೆ ಅಂತ ಆಮೇಲೆ ನೋಡಿದೆ. ಅದನ್ನು ಹೊರಗೆ ತೆಗೆದ ಮೇಲೆ 25 ನಿಮಿಷ.

2023ರ ಪರೀಕ್ಷೆಯಲ್ಲಿ 204 ಇದ್ದದ್ದು 226 ಆಯಿತು. ನಂಬರ್ ಅಂದಾಜು ಪೂರ್ತಿ ನನ್ನ ತಲೆಯಿಂದ ಬಂದದ್ದು, ಅದಕ್ಕೇ ಇಷ್ಟು ಬಂದಿದ್ದು ನೋಡಿ ನನಗೇ ಆಶ್ಚರ್ಯ.

7. ಜುಲೈ 13, ಭಾನುವಾರ: ಡ್ರಾಫ್ಟ್ ರಾತ್ರಿ

ಡ್ರಾಫ್ಟ್ ಅಟ್ಲಾಂಟಾದಲ್ಲಿ. ಮನೆಯಲ್ಲಿ ಉಪ್ಪಿಟ್ಟು, ಟಿವಿ, ಪ್ರಿಂಟ್ ತೆಗೆದ ಪಟ್ಟಿ, ಮಗನ ಕೈಯಲ್ಲಿ ಕೆಂಪು ಪೆನ್. ನನ್ನ ಪಟ್ಟಿಯ ಮೊದಲ ಹೆಸರು ಎಲ್‌ಎಸ್‌ಯು ಪಿಚರ್ ಕೇಡ್ ಆಂಡರ್ಸನ್. ಜೂನ್‌ನಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್ ಫೈನಲ್‌ನ ಮೊದಲ ಪಂದ್ಯವನ್ನು ಪೂರ್ತಿ ತಾನೇ ಎಸೆದು ಒಂದು ರನ್ನೂ ಕೊಡದವನು. ಎರಡನೆಯದು ಒಕ್ಲಹೋಮಾದ ಈಥನ್ ಹಾಲಿಡೇ.

ವಾಷಿಂಗ್ಟನ್ ನ್ಯಾಷನಲ್ಸ್ ಹೇಳಿದ್ದು ಈಲೈ ವಿಲಿಟ್ಸ್. 17 ವರ್ಷದ ಹೈಸ್ಕೂಲ್ ಶಾರ್ಟ್‌ಸ್ಟಾಪ್. ನನ್ನ ಪಟ್ಟಿಯಲ್ಲಿ 9. ಮಗ ಕೆಂಪು ಗೆರೆ ಎಳೆದ. ಏಂಜಲ್ಸ್ ತಂಡ ಹೇಳಿದ್ದು ಪಿಚರ್ ಟೈಲರ್ ಬ್ರೆಮ್ನರ್. ನನ್ನ ಪಟ್ಟಿಯಲ್ಲಿ 17. ಇನ್ನೊಂದು ಕೆಂಪು ಗೆರೆ. ಆಂಡರ್ಸನ್ ಮೂರನೆಯವನಾಗಿ ಸಿಯಾಟಲ್‌ಗೆ, ಹಾಲಿಡೇ ನಾಲ್ಕನೆಯವನಾಗಿ ಕೊಲರಾಡೊಗೆ. ಹೆಸರುಗಳು ಸರಿ, ಜಾಗ ತಪ್ಪು. ಉಪ್ಪಿಟ್ಟು ಆರಿಹೋಯಿತು.

ಸಹಿಯ ಮೊತ್ತ ಹೊರಬಂದ ಮೇಲೆ ಲೆಕ್ಕ ಕೂತು ನೋಡಿದೆ. ಮೊದಲ ಜಾಗದ ಸ್ಲಾಟ್ 1,10,75,900 ಡಾಲರ್. ವಿಲಿಟ್ಸ್ ತಗೊಂಡಿದ್ದು 82 ಲಕ್ಷ. ನಾಲ್ಕನೆಯವನಾದ ಹಾಲಿಡೇಗೆ 90 ಲಕ್ಷ, ಅಂದರೆ ಮೊದಲಿನವನಿಗಿಂತ ಜಾಸ್ತಿ. ಉಳಿದ ದುಡ್ಡಲ್ಲಿ ನ್ಯಾಷನಲ್ಸ್ 5ನೇ ಸುತ್ತಿನಲ್ಲಿ ನಮ್ಮ ರಾಜ್ಯದ ಡೇವಿ ಕೌಂಟಿ ಹೈಸ್ಕೂಲ್‌ನ ಕಾಯ್ ಜೇಮ್ಸ್‌ಗೆ ಆ ಜಾಗದ ಸ್ಲಾಟ್‌ಗಿಂತ ಹಲವು ಪಟ್ಟು ಕೊಟ್ಟಿತು. ಹೆನ್ರಿ ಡೇವಿಸ್ ಕಥೆಯೇ ಮತ್ತೆ. ಆ ಪಾಠ ನನ್ನ ಹತ್ತಿರ ಮೇ ತಿಂಗಳಲ್ಲೇ ಇತ್ತು. ಆದರೆ ನನ್ನ ಕೋಡ್‌ನಲ್ಲಿ ಮೊದಲ ಐದು ಜಾಗಕ್ಕೆ ಮಾತ್ರ ದುಡ್ಡಿನ ತೂಕ ಕಡಿಮೆ ಇಟ್ಟಿದ್ದೆ, ಅಷ್ಟು ಮೇಲೆ ಯಾರು ದುಡ್ಡು ನೋಡುತ್ತಾರೆ, ಒಳ್ಳೆಯವನನ್ನೇ ತಗೋತಾರೆ ಅಂತ. ನನ್ನ ಊಹೆ ಪೂರ್ತಿ ಉಲ್ಟಾ. ದುಡ್ಡು ಉಳಿಸಲು ಜಾಗ ಇರುವುದೇ ಅಲ್ಲಿ.

ಇನ್ನೊಂದು ತಪ್ಪು ವಿಲಿಟ್ಸ್‌ನ ವಯಸ್ಸು. ಅವನು 2026ರ ಗುಂಪಿನಲ್ಲಿದ್ದವನು, ಒಂದು ವರ್ಷ ಮೊದಲೇ ಹೈಸ್ಕೂಲ್ ಮುಗಿಸಿ ಬಂದವನು. ತನಗಿಂತ ದೊಡ್ಡವರ ಎದುರು ಅಷ್ಟು ಚೆನ್ನಾಗಿ ಆಡುವವನಿಗೆ ತಂಡಗಳು ಬೆಲೆ ಕೊಡುತ್ತವೆ. ನನ್ನ ಮಾಡೆಲ್‌ಗೆ ಅದು ಗೊತ್ತಾಗುವುದಾದರೂ ಹೇಗೆ? ಹುಟ್ಟಿದ ತಾರೀಕನ್ನು ಮಾರ್ಚ್‌ನಲ್ಲಿ ಸಿಟ್ಟಿನಿಂದ ಕಿತ್ತು ಹಾಕಿದ್ದೆನಲ್ಲ. ಖಾಲಿ ಜಾಗ ತುಂಬುವುದು ಬಿಟ್ಟು ಕಾಲಂ ಕಿತ್ತೆ.

ನಮ್ಮೂರ ಹತ್ತಿರದ ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ) ಕ್ಯಾಚರ್ ಲ್ಯೂಕ್ ಸ್ಟೀವನ್ಸನ್‌ನ 24ರಲ್ಲಿ ಇಟ್ಟಿದ್ದೆ, 35ನೆಯವನಾಗಿ ಸಿಯಾಟಲ್‌ಗೆ ಹೋದ. ಅವನ ಆಟ ಮೂರು ಸಲ ಮೈದಾನದಲ್ಲೇ ನೋಡಿದ್ದೆ. ಸ್ವಲ್ಪ ಅಭಿಮಾನ ಸೇರಿರಬೇಕು.

ಸೋಮವಾರ 4ರಿಂದ 20ನೇ ಸುತ್ತು ಮುಗಿಯಿತು. ಒಟ್ಟು ಲೆಕ್ಕ: ಮೊದಲ 30ರಲ್ಲಿ ನನ್ನ 30ರ ಪೈಕಿ 20 ಹೆಸರು. ತಂಡವೂ ಸರಿಯಾಗಿದ್ದು ಎರಡೇ. ಮೇಲಿನ 300ರಲ್ಲಿ ಆಯ್ಕೆಯಾದವರು 219. ತಪ್ಪಿದ 81ರಲ್ಲಿ 50ಕ್ಕಿಂತ ಜಾಸ್ತಿ ಹೈಸ್ಕೂಲ್ ಹುಡುಗರು, ಅಂದರೆ ನಂಬರ್ ಹೊಂದದೆ ಕಾಲೇಜಿಗೆ ಹೋದವರೇ ಹೆಚ್ಚು.

ಖರ್ಚು: ರಾಡಾರ್ 170, ರ‍್ಯಾಂಕಿಂಗ್ ಚಂದಾ 90, ಟಿಕೆಟ್ ಮತ್ತು ಪಾರ್ಕಿಂಗ್ ಸುಮಾರು 140, ಪೆಟ್ರೋಲ್ ಲೆಕ್ಕ ಇಟ್ಟಿಲ್ಲ. 400 ಡಾಲರ್ ಅಂತ ಮನೆಯಲ್ಲಿ ಹೇಳಿದ್ದೇನೆ. ರಾಡಾರ್ ಈಗ ಮಗನ ಕೈಯಲ್ಲಿದೆ. ಅವನು ಎಸೆಯೋದು 52, ಮೂರನೇ ಬೇಸ್ ಕಡೆಯಿಂದ ಹಿಡಿದರೆ 47.

8. ಆಗಸ್ಟ್ 2: ಈಗ ಸಿಕ್ಕಿಕೊಂಡಿರುವ ಜಾಗ

2026ರ ಫೈಲ್ ಶುರು ಮಾಡಿದ್ದೇನೆ. ಎತ್ತರ ಇಂಚಿನಲ್ಲಿ, ಎಕ್ಸೆಲ್ ಮುಟ್ಟುವ ಹಾಗಿಲ್ಲ. ಹುಟ್ಟಿದ ತಾರೀಕು ವಾಪಸ್ ಬಂದಿದೆ, ಆದರೆ ಆಯ್ಕೆಗೆ ಮೊದಲೇ ಕಾಲೇಜ್ ಅಥವಾ ಟೂರ್ನಮೆಂಟ್ ಪಟ್ಟಿಯಲ್ಲಿ ಇದ್ದದ್ದನ್ನು ಮಾತ್ರ ತಗೋತಿದ್ದೇನೆ. ಮೊದಲ ಐದು ಜಾಗಕ್ಕೆ ಇಟ್ಟಿದ್ದ ವಿಶೇಷ ನಿಯಮ ಅಳಿಸಿದೆ.

ನಂಬರ್ ಕಾಲಂ ಮಾತ್ರ ಹಾಗೇ ಇದೆ. 412 ಹೈಸ್ಕೂಲ್ ಹುಡುಗರ ಹೆಸರಿದೆ, ಅದರಲ್ಲಿ ಅಂದಾಜಿಗಾದರೂ ಏನೋ ಹಾಕಲು ಸಾಧ್ಯವಾಗಿದ್ದು 60ಕ್ಕೆ. ಹುಲ್ಲಿನ ಟೋಪಿಯವರ ಕಾರ್ಡ್ ಪರ್ಸ್‌ನಲ್ಲಿದೆ. ಮೂರು ಸಲ ಫೋನ್ ಕೈಗೆ ತಗೊಂಡು ಇಟ್ಟೆ. ಕೇಳಿದರೂ ಹೇಳಲ್ಲ ಅಂತ ಗೊತ್ತು, ಅದು ಅವರ ಅನ್ನದ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಕೇರಿಯ ಮೈದಾನದಲ್ಲಿ ಒಂದು ಟೂರ್ನಮೆಂಟ್ ಇದೆ, ಅಲ್ಲಿ ಸಿಕ್ಕರೆ ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ಕೊಟ್ಟು ಪಕ್ಕದಲ್ಲಿ ಕೂರೋದು ಅಂತ ಇದ್ದೇನೆ.